ಮೂರನೆಯ ತಲೆಮಾರಿನ ಇಲಿಗಳು

ಮಂಗಳೂರು ಮದರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ದೀಪಾವಳಿ ಕಳೆದ ಮೇಲೆ, ದೇರೆಬೈಲಿನ ಮಾಯಿಲಪ್ಪನವರ ಮನೆಗೆ ಸೊಸೆ ಬಂದಳು. ಹೆಸರು ಅಮ್ಮಣಿ. ಮೂಲ ಇಲ್ಲಿಯದೇ ಆದರೂ ಅವಳು ಹುಟ್ಟಿ ಬೆಳೆದದ್ದೆಲ್ಲ ಬೊಂಬಾಯಿಯಲ್ಲಿ. ತಂದೆ ಅಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದರು. ಮದುಮಗಳ ಟ್ರಂಕಿನಲ್ಲಿ ಎಷ್ಟು ಸೀರೆಗಳಿವೆ ಎಂದು ನೋಡಲು ನೆರೆಕರೆಯ ಹೆಂಗಸರೆಲ್ಲ ಬಂದು ಹೋದರು. ಮಾಯಿಲಪ್ಪನವರ ಮಗಳು ವಾರಿಜಾಕ್ಷಿ ಮಾತ್ರ ಸೀರೆಗಳನ್ನು ನೋಡಲಿಲ್ಲ. ಟ್ರಂಕಿನ ಅಡಿಯಿಂದ ಒಂದೊಂದಾಗಿ ಹೊರಗೆ ಬಂದು ಅಡುಗೆಮನೆಯ ಹಲಗೆಯ ಮೇಲೆ ಕುಳಿತ ಸಾಮಾನುಗಳನ್ನು ನೋಡಿದಳು. ವನಸ್ಪತಿಯ ದೊಡ್ಡ ಡಬ್ಬ, ಕಸ್ಟರ್ಡ್ ಪುಡಿ, ಹತ್ತಿಯಲ್ಲಿ ಸುತ್ತಿದ ಬೆರಳುದ್ದದ ಬಾಟಲಿಗಳು. ಒಂದರಲ್ಲಿ ಕೆಂಪು, ಒಂದರಲ್ಲಿ ಹಳದಿ, ಮತ್ತೊಂದರಲ್ಲಿ ಬರೇ ನೀರಿನಂಥದ್ದು.

ಆ ಹಲಗೆ ಅಲ್ಲಿಯವರೆಗೆ ಅವಳದಾಗಿತ್ತು. ಅಮ್ಮ ತೀರಿಕೊಂಡಂದಿನಿಂದ ಹದಿನೈದರ ಈ ಹುಡುಗಿಯೇ ಅಪ್ಪನಿಗೂ ಅಣ್ಣ ಜಯಪಾಲನಿಗೂ ಬೇಯಿಸಿ ಹಾಕಿ, ಬುತ್ತಿ ಕಟ್ಟಿಕೊಂಡು ಶಾಲೆಗೆ ಓಡುತ್ತಿದ್ದಳು. ಈಗ ಅತ್ತಿಗೆ ಬಂದ ಮೇಲೆ, "ಇನ್ನು ನೀನು ಓದು ಮಗಾ, ಅಡುಗೆ ಅವಳು ನೋಡಿಕೊಳ್ತಾಳೆ," ಎಂದು ಅಪ್ಪ ಪ್ರೀತಿಯಿಂದಲೇ ಹೇಳಿದರು. ವಾರಿಜಾಕ್ಷಿ ಸೌಟನ್ನು ಕೊಟ್ಟಳು. ಉಪ್ಪಿನಕಾಯಿಯ ಭರಣಿ ಎಲ್ಲಿದೆ, ಹುಣಿಸೆಹುಳಿ ಎಲ್ಲಿದೆ ಎಂದು ಹೇಳಲಿಲ್ಲ. ಕೇಳಿದರೆ ಹೇಳಿದರಾಯಿತು ಎಂದುಕೊಂಡಳು. ಅತ್ತಿಗೆ ಕೇಳಲಿಲ್ಲ.

ಮೊದಲ ಆದಿತ್ಯವಾರ ಅಮ್ಮಣಿ ವನಸ್ಪತಿಯಲ್ಲಿ ಪೂರಿ ಕರಿದಳು. ಆಮೇಲೆ ಶಿರಾ ಮಾಡಿ, ನೀರಿನಂಥ ಬಾಟಲಿಯಿಂದ ಎರಡು ತೊಟ್ಟು ಬಿಟ್ಟಳು. ಮನೆಯಿಡೀ ಅನನಾಸಿನ ವಾಸನೆ ತುಂಬಿತು.

"ಅನನಾಸು ಎಲ್ಲಿ ಸಿಕ್ಕಿತು ಈಗ?" ಎಂದು ಮಾಯಿಲಪ್ಪನವರು ಜಗಲಿಯಿಂದ ಒಳಗೆ ಬಂದರು.

"ಅನನಾಸು ಇಲ್ಲ ಮಾವ. ಎಸ್ಸೆನ್ಸು."

ಅಪ್ಪ ಎರಡನೆಯ ಸಲವೂ ಹಾಕಿಸಿಕೊಂಡು ತಿಂದರು. ಜಯಪಾಲನಂತೂ ತಟ್ಟೆಗೆ ಅಂಟಿದ್ದನ್ನೂ ಬಿಡಲಿಲ್ಲ. ವಾರಿಜಾಕ್ಷಿ ಒಂದು ತುತ್ತು ಬಾಯಿಗಿಟ್ಟು ಹಾಗೆಯೇ ಹಿಡಿದುಕೊಂಡಳು. ಹಣ್ಣಿಲ್ಲದೆ ಹಣ್ಣಿನ ವಾಸನೆ ಬರುವುದಾದರೆ, ಆ ಬಾಟಲಿಯಲ್ಲಿ ಇರುವುದಾದರೂ ಏನು? ತುಪ್ಪವಲ್ಲದ್ದು ತುಪ್ಪದ ಹಾಗೆ ಹರಳುಗಟ್ಟುವುದಾದರೆ, ಆ ಡಬ್ಬದಲ್ಲಿ ಇರುವುದಾದರೂ ಏನು? ಹಿತ್ತಿಲಿಗೆ ಹೋಗಿ ಬಾಳೆಯ ಬುಡದಲ್ಲಿ ಉಗಿದು ಬಂದಳು.

ಮರುದಿನ ಶಾಲೆಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಈ ಮಾತು ಎತ್ತಿದಳು. ಅವಳ ಜತೆಗಾತಿ ಗ್ಲ್ಯಾಡಿಸ್ ಕುಲಶೇಖರದವಳು, ಆಸ್ಪತ್ರೆಯ ನರ್ಸೊಬ್ಬರ ಮಗಳು. ಮನೆಯಲ್ಲಿ ಕುದಿಸದ ನೀರು ಕುಡಿಯುವಂತಿರಲಿಲ್ಲ. ಹಾಗಾಗಿ ಅವಳಿಗೆ ಲೋಕದ ಯಾವ ವಸ್ತುವಿನ ಮೇಲೂ ನಂಬಿಕೆ ಇರಲಿಲ್ಲ.

"ಎಸ್ಸೆನ್ಸು ಅಂದರೆ ಎಂತ ಗೊತ್ತುಂಟಾ? ನಮ್ಮ ಅಣ್ಣ ಒಸ್ವಾಲ್ಡ್ ಹೇಳಿದ್ದು, ಅದನ್ನು ಆಸಿಡಿನಲ್ಲಿ ಮಾಡೋದು. ಬಣ್ಣ ಡಾಮರಿನಿಂದ."

"ರಸ್ತೆಗೆ ಹಾಕುವ ಡಾಮರಾ?"

"ಅದೇ. ಮತ್ತೆ ವನಸ್ಪತಿ ಉಂಟಲ್ಲ, ಅದು ಇನ್ನೂ ಮೋಸ. ಯಾವುದೋ ಪೇಪರಿನಲ್ಲಿ ಬಂದಿತ್ತಂತೆ. ಇಲಿಗೆ ತಿನ್ನಿಸಿದರೆ ಅದಕ್ಕೆ ಎಂತ ಆಗೋದಿಲ್ಲ. ಮರಿಗೂ ಆಗೋದಿಲ್ಲ. ಮೂರನೆಯ ತಲೆಮಾರಿನ ಇಲಿ ಕುರುಡು ಹುಟ್ಟುತ್ತದಂತೆ!"

ಪಕ್ಕದಲ್ಲಿದ್ದ ಜೂಲಿ ಗುಲಾಬಿ ಬಣ್ಣದ ಪೆಪ್ಪರಮಿಂಟು ಚೀಪುತ್ತಿದ್ದಳು. ನಾಲಗೆ ಹೊರಗೆ ಹಾಕಿ ತೋರಿಸಿದಳು. ಅದು ದಾಸವಾಳದ ಹಾಗಿತ್ತು. "ನೋಡಿ, ಡಾಮರು! ನನ್ನ ಮೊಮ್ಮಕ್ಕಳು ಕುರುಡಾದರೆ ಆಗ ನೋಡುವ. ಈಗ ರುಚಿ ಉಂಟು ಮಾರಾಯ್ತಿ."

ಎಲ್ಲರೂ ನಕ್ಕರು. ಆದರೆ ಆ ದಿನ ಶಾಲೆಯ ಗೇಟಿನ ಬಳಿ ಐಸ್‌ಕ್ಯಾಂಡಿಯವನ ಪೆಟ್ಟಿಗೆಯ ಮುಂದೆ ಐದನೆಯ ಫಾರಮಿನ ಹುಡುಗಿಯರು ಎಂದಿನ ಹಾಗೆ ಮುಗಿಬೀಳಲಿಲ್ಲ. ಕೆಂಪು ಕ್ಯಾಂಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಬಿಳಿಯದ್ದು ಉಂಟಾ?" ಎಂದು ಕೇಳಿದವರೇ ಹೆಚ್ಚು. ಅವನಿಗೆ ಏನೂ ಅರ್ಥವಾಗಲಿಲ್ಲ.

ಮಾಯಿಲಪ್ಪನವರಿಗೆ ಕದ್ರಿಯಲ್ಲಿ ಹೊಲಿಗೆಯ ಅಂಗಡಿ ಇತ್ತು. ಕುಪ್ಪಸ, ಲಂಗ, ಶಾಲೆಯ ಮಕ್ಕಳ ಅಂಗಿ ಇವೇ ಅವರ ಕೆಲಸ. ಕೆಲವೊಮ್ಮೆ ಕಾಜಾ ಹಾಕುವ ಕೆಲಸವನ್ನು ಮನೆಗೂ ತರುತ್ತಿದ್ದರು. ಮಕರ ಸಂಕ್ರಾಂತಿ ಕಳೆದು ಪುಯಿಂತೆಲ್ ತಿಂಗಳು ಹಿಡಿದ ಮೇಲೆ ಒಂದು ಸಂಜೆ ಅವರು ಸೂಜಿಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ನೂಲಿನ ತುದಿಯನ್ನು ಎಂಜಲು ಮಾಡಿ ಮತ್ತೆ ಮತ್ತೆ ಪೋಣಿಸಲು ನೋಡಿದರು. ಕಡೆಗೆ, "ವಾರಿಜಾ, ಇದೊಮ್ಮೆ ಹಾಕಿ ಕೊಡು," ಎಂದರು.

"ಎಂತ ಆಯಿತು ಅಪ್ಪ?"

"ಎಂತ ಇಲ್ಲ. ಹೊಗೆ ಮುಸುಕಿದ ಹಾಗೆ. ದೀಪದ ಸುತ್ತ ಒಂದು ಬಳೆಯ ಹಾಗೆ ಕಾಣ್ತದೆ. ವಯಸ್ಸಾಯಿತಲ್ಲ."

ಅವಳು ನೂಲು ಪೋಣಿಸಿ ಕೊಟ್ಟಳು. ಅಡುಗೆಮನೆಯಲ್ಲಿ ಅತ್ತಿಗೆ ಡಬ್ಬದ ಮುಚ್ಚಳ ತೆಗೆಯುವ ಸದ್ದು ಕೇಳಿಸುತ್ತಿತ್ತು. ಅಪ್ಪನ ಕಣ್ಣು ಮೊದಲು ಸರಿಯಿತ್ತು. ಡಬ್ಬ ಮನೆಗೆ ಬಂದ ಮೇಲೆ ಹೀಗಾಗಿದೆ. ಇಲಿಗೆ ಮೂರು ತಲೆಮಾರು ಬೇಕು. ವಯಸ್ಸಾದ ಮನುಷ್ಯನಿಗೆ ಅಷ್ಟು ಬೇಡವೇನೋ.

ಬಂದರಿನ ಲಾರಿ ಆಫೀಸಿನಿಂದ ಅಣ್ಣ ಬಂದ ಕೂಡಲೇ ಅವನನ್ನು ಬಾವಿಕಟ್ಟೆಗೆ ಕರೆದು ಹೇಳಿದಳು. ಜಯಪಾಲ ಮುಖಕ್ಕೆ ನೀರು ಹಾಕಿಕೊಳ್ಳುತ್ತಾ ನಕ್ಕ. "ಬೊಂಬಾಯಿಯವರೆಲ್ಲ ಕುರುಡರಾ ಹಾಗಾದರೆ? ನಿನಗೆ ಅಡುಗೆಮನೆ ಹೋಯಿತು ಅಂತ ಹೊಟ್ಟೆಕಿಚ್ಚು, ಅಷ್ಟೆ."

ಅವಳಿಗೆ ಅಳು ಬಂತು. ಹೊಟ್ಟೆಕಿಚ್ಚು ಇರಲಿಲ್ಲವೆಂದಲ್ಲ, ಅದಿದ್ದ ಮಾತ್ರಕ್ಕೆ ಸಂಶಯ ಸುಳ್ಳಾಗಬೇಕೇ?

ಅಂದಿನಿಂದ ಅವಳು ಅತ್ತಿಗೆಯ ಬೆನ್ನಿಗೆ ಕಣ್ಣಿಟ್ಟಳು. ಎಷ್ಟು ಚಮಚ ಹಾಕುತ್ತಾಳೆ, ಯಾವ ಬಾಟಲಿ ಮುಟ್ಟುತ್ತಾಳೆ, ಯಾರ ತಟ್ಟೆಗೆ ಮೊದಲು ಬಡಿಸುತ್ತಾಳೆ ಎಲ್ಲವನ್ನೂ ಪುಸ್ತಕದ ಮರೆಯಿಂದ ನೋಡಿದಳು. ಒಂದು ದಿನ, ಇಷ್ಟು ದಿನವೂ ಕಣ್ಣೆದುರಿಗೇ ಇದ್ದದ್ದು ತಟ್ಟನೆ ಹೊಳೆಯಿತು. ಎಲ್ಲರಿಗೂ ಬಿಸಿ ಪೂರಿ ಬಡಿಸಿದ ಅಮ್ಮಣಿ ತಾನು ಮೂಲೆಯಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದಳು. ಗಂಜಿ, ಉಪ್ಪಿನಕಾಯಿ, ಒಂದು ತುಂಡು ಹಪ್ಪಳ, ಅದೂ ಕೆಂಡದ ಮೇಲೆ ಸುಟ್ಟದ್ದು. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ವನಸ್ಪತಿ ಬಿದ್ದ ಒಂದು ತುಣುಕನ್ನೂ ಅವಳು ಬಾಯಿಗಿಡುತ್ತಿರಲಿಲ್ಲ.

ಇದನ್ನು ಕೇಳಿ ಗ್ಲ್ಯಾಡಿಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ನೀವೆಲ್ಲ ತಿನ್ನೋದು, ಅವರು ತಿನ್ನೋದಿಲ್ಲವಾ? ಹಾಗಾದರೆ ಅವರಿಗೆ ಗೊತ್ತುಂಟು ಮಾರಾಯ್ತಿ!"

ಗ್ಲ್ಯಾಡಿಸಳ ಅಣ್ಣ ಒಸ್ವಾಲ್ಡ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಯುತ್ತಿದ್ದ. ಅವನಿಗೆ ಇಂಥದ್ದೇ ಬೇಕಿತ್ತು. "ಸಂಶಯ ಪಟ್ಟು ಎಂತ ಪ್ರಯೋಜನ? ಪರೀಕ್ಷೆ ಮಾಡಬೇಕು," ಎಂದವನೇ, ಲ್ಯಾಬಿನಲ್ಲಿ ಕೇಳಿಕೊಂಡು ಒಂದು ಜೊತೆ ಬಿಳಿ ಇಲಿಗಳನ್ನು ತಂಗಿಯ ಕೈಯಲ್ಲಿ ಮುಚ್ಚಳದ ಬುಟ್ಟಿಯಲ್ಲಿ ಕಳಿಸಿದ. ವಾರಿಜಾಕ್ಷಿ ಗ್ಲ್ಯಾಡಿಸಳನ್ನೂ ಕರೆದುಕೊಂಡು ಅವನ್ನು ದೇರೆಬೈಲಿಗೆ ತಂದು, ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಹಳೆಯ ಕೋಳಿಗೂಡಿಗೆ ತಗಡು ಬಡಿದು ಒಳಗೆ ಬಿಟ್ಟಳು.

ಮೊದಲ ಕಷ್ಟ ಎದುರಾದದ್ದು ಅಲ್ಲಿಯೇ. ಆ ಇಲಿಗಳ ಕಣ್ಣು ಹುಟ್ಟಿನಿಂದಲೇ ಕೆಂಪು.

"ಇವಕ್ಕೆ ಈಗಲೇ ಕಣ್ಣು ಹೋದ ಹಾಗೆ ಉಂಟಲ್ಲ!"

"ಬಿಳಿ ಇಲಿಯ ಕಣ್ಣು ಹಾಗೆಯೇ ಅಂತೆ," ಎಂದಳು ಗ್ಲ್ಯಾಡಿಸ್. ಹೇಳಿದ ಮೇಲೆ ಅವಳಿಗೂ ಅನುಮಾನವಾಯಿತು.

ಇಬ್ಬರೂ ಕೈ ಬೀಸಿ ನೋಡಿದರು. ಇಲಿಗಳು ಮೂಲೆಗೆ ಓಡಿದವು. ಕಂಡು ಓಡಿದವೋ, ಗಾಳಿಗೆ ಓಡಿದವೋ ಹೇಳುವುದು ಹೇಗೆ? ಕಡೆಗೆ ಬಿದಿರಿನ ಕೋಲಿನ ತುದಿಗೆ ಕರಿಯ ಬಟ್ಟೆಯ ಚೂರು ಕಟ್ಟಿ, ಸದ್ದಿಲ್ಲದೆ ಮೆಲ್ಲಗೆ ಆಚೆ ಈಚೆ ಆಡಿಸಿದರು. ಇಲಿಗಳ ಮೂತಿ ಬಟ್ಟೆಯ ಜತೆಗೆ ತಿರುಗಿತು. ಕಾಣುತ್ತದೆ ಎಂದು ತೀರ್ಮಾನವಾಯಿತು.

ಶಾಲೆಯಿಂದ ಬಂದ ಕೂಡಲೇ ವಾರಿಜಾಕ್ಷಿ ಡಬ್ಬದಿಂದ ಒಂದು ಉಂಡೆ ವನಸ್ಪತಿ ತೆಗೆದು, ಅನ್ನಕ್ಕೆ ಕಲಸಿ ಇಲಿಗಳಿಗೆ ಹಾಕುವುದು ಅಭ್ಯಾಸವಾಯಿತು. ಇನ್ನೊಂದು ಕಡೆ ಅಪ್ಪನ ತಟ್ಟೆಯನ್ನೂ ಕಾದಳು. "ಪೂರಿ ಮುಗಿಯಿತು ಅಪ್ಪ, ಗಂಜಿ ಉಂಟು," ಎಂದು ಸುಳ್ಳು ಹೇಳಿ, ಮುಚ್ಚಿಟ್ಟ ಪೂರಿಯನ್ನು ನಾಯಿಗೆ ಹಾಕಿದಳು. ಅಪ್ಪ ಸುಮ್ಮನೆ ಗಂಜಿ ಉಂಡರು. ಅವರ ಕಣ್ಣಿನ ಮಬ್ಬು ಮಾತ್ರ ಇಳಿಯಲಿಲ್ಲ. ಈಗಾಗಲೇ ಹೊಟ್ಟೆಗೆ ಹೋದದ್ದು ಇನ್ನೂ ಒಳಗಿರಬೇಕು ಎಂದುಕೊಂಡಳು.

ಇಲಿಗಳು ಮರಿ ಹಾಕಿದವು. ಬಿಸಿಲುಗಾಲದ ಹೊತ್ತಿಗೆ ಆ ಮರಿಗಳೂ ದೊಡ್ಡವಾಗಿ ಮತ್ತೆ ಮರಿ ಹಾಕಿದವು. ಹೆಚ್ಚಾದವನ್ನು ಗ್ಲ್ಯಾಡಿಸ್ ಬುಟ್ಟಿಯಲ್ಲಿ ಲ್ಯಾಬಿಗೆ ವಾಪಸು ಒಯ್ಯುತ್ತಿದ್ದಳು. ಮೂರನೆಯ ತಲೆಮಾರು ಅಂದರೆ ಇದೇ. ಕೆಂಪು ಹುಳಗಳ ಹಾಗಿದ್ದ ಮರಿಗಳ ಕಣ್ಣು ಇನ್ನೂ ತೆರೆದಿರಲಿಲ್ಲ. ವಾರಿಜಾಕ್ಷಿ ದಿನಾ ಕೂತು ನೋಡುತ್ತಿದ್ದಳು. ಕುರುಡಾಗಲಿ ಎಂದು ಅವಳು ಬೇಡಿಕೊಳ್ಳಲಿಲ್ಲ. ಆದರೂ, ಕುರುಡಾದರೆ ಒಳ್ಳೆಯದಿತ್ತು, ಆಗ ಅಣ್ಣನಿಗೆ ತೋರಿಸಬಹುದಿತ್ತು ಎಂದು ಮನಸ್ಸಿಗೆ ಬಂದಾಗ, ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಕಣ್ಣು ಬಿಡುವ ದಿನಗಳವು. ಮಧ್ಯಾಹ್ನದ ಮೇಲೆ ಅವಳು ಅನ್ನದ ಕರಟವನ್ನು ಹಿಡಿದು ಕೊಟ್ಟಿಗೆಗೆ ಹೋಗಿ ಗೂಡಿನ ಮುಂದೆ ಕುಳಿತಿದ್ದಾಗ ಬಾಗಿಲು ಕಿರುಗುಟ್ಟಿತು.

"ಹಾಂ, ಸಿಕ್ಕಿದಿ!" ಎಂದಳು ಅಮ್ಮಣಿ. "ಡಬ್ಬ ಇಷ್ಟು ಬೇಗ ಹೇಗೆ ಖಾಲಿ ಆಗ್ತದೆ ಅಂತ ನೋಡ್ತಾ ಇದ್ದೆ. ಎಲ್ಲರ ಎದುರು ಮೂಗು ಮುರಿಯೋದು, ಇಲ್ಲಿ ಬಂದು ಕದ್ದು ತಿನ್ನೋದಾ ಅಂತ..." ಅಷ್ಟರಲ್ಲಿ ಅವಳಿಗೆ ಗೂಡು ಕಂಡಿತು. "ಅರೇ! ಇದೆಂತ ಇದು?"

ಇನ್ನು ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ವಾರಿಜಾಕ್ಷಿ ಎದ್ದು ನಿಂತು, ತಿಂಗಳುಗಳಿಂದ ಒಳಗೆ ಹಿಡಿದುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಡಾಮರು, ಆಸಿಡು, ಕುರುಡು ಇಲಿ, ಅಪ್ಪನ ಸೂಜಿ. ಕಡೆಗೆ ಒಂದು ಹೆಜ್ಜೆ ಮುಂದೆ ಬಂದಳು. "ನೀವು ಯಾಕೆ ತಿನ್ನೋದಿಲ್ಲ ಅತ್ತಿಗೆ? ಅದನ್ನು ಹೇಳಿ. ನಮಗೆಲ್ಲ ಹಾಕ್ತೀರಿ, ನೀವು ಒಂದು ದಿನ ತಿನ್ನಲಿಲ್ಲ!"

ಅಮ್ಮಣಿ ಬೈಯುತ್ತಾಳೆಂದು ಅವಳು ಕಾದಳು. ಅಮ್ಮಣಿ ಸೌದೆಯ ರಾಶಿಯ ಮೇಲೆ ಮೆಲ್ಲನೆ ಕುಳಿತಳು.

"ನಾನು ಎಂಟು ವರ್ಷದವಳಿದ್ದಾಗಿಂದ ಅಪ್ಪನ ಹೋಟೆಲಿನ ಹಿಂದೆ ಕೂತು ಪೂರಿ ಲಟ್ಟಿಸಿದ್ದು. ಬಾಣಲೆ ಪಕ್ಕದಲ್ಲೇ. ಶಾಲೆಗೆ ಹೋದರೆ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ತಲೆಯಲ್ಲಿ, ಬಟ್ಟೆಯಲ್ಲಿ ಅದೇ ವಾಸನೆ. ಈಗ ಬಾಯಿಗೆ ಇಟ್ಟರೆ ಹೊಟ್ಟೆ ತೊಳಸ್ತದೆ ನನಗೆ. ಅದಕ್ಕೆ ತಿನ್ನೋದಿಲ್ಲ."

"ಮತ್ತೆ ಯಾಕೆ ಮಾಡೋದು?"

"ಬೇರೆ ಎಂತ ಮಾಡ್ಲಿ? ನನಗೆ ಬರೋದು ಅದೊಂದೇ. ನಿಮ್ಮ ಮೀನಿನ ಸಾರು, ಪತ್ರೊಡೆ ಎಂತದೂ ನನಗೆ ಬರೋದಿಲ್ಲ. ನೀನು ಹೇಳಿಕೊಡ್ತೀಯ ಅಂತ ಕಾದೆ. ನೀನು ಬರೇ ಪುಸ್ತಕದ ಮೇಲಿಂದ ನೋಡ್ತಾ ಇದ್ದಿ, ಕಳ್ಳಿಯನ್ನು ನೋಡಿದ ಹಾಗೆ." ಅಮ್ಮಣಿ ಮೂಗು ಒರೆಸಿಕೊಂಡಳು. ಆಮೇಲೆ ಅವಳ ಧ್ವನಿ ಬದಲಾಯಿತು. "ಅದು ಇರಲಿ. ಮಾವನಿಗೆ ಕಣ್ಣು ಕಾಣೋದಿಲ್ಲ ಅಂತ ನಿನಗೆ ಯಾವಾಗ ಗೊತ್ತಾದದ್ದು?"

"ಪುಯಿಂತೆಲಿನಲ್ಲಿ."

"ಅಷ್ಟು ಮೊದಲೇ? ಯಾವ ಡಾಕ್ಟ್ರಿಗೆ ತೋರಿಸಿದಿ?"

ವಾರಿಜಾಕ್ಷಿ ಕರಟದ ಅನ್ನವನ್ನು ಬೆರಳಿನಿಂದ ಕೆದಕಿದಳು.

"ಇಷ್ಟು ತಿಂಗಳು ಇಲಿಯ ಕಣ್ಣು ನೋಡಿದಿ ಮಾರಾಯ್ತಿ. ಮಾವನ ಕಣ್ಣು ಒಮ್ಮೆ ಹತ್ತಿರದಿಂದ ನೋಡಿದ್ದುಂಟಾ? ಪಾಪೆಯಲ್ಲಿ ಬಿಳಿ ಉಂಟು. ನಾನು ನಿನ್ನ ಅಣ್ಣನಿಗೆ ಎರಡು ಸಲ ಹೇಳಿದೆ, ಲಾರಿ ಲಾರಿ ಅಂತ ಹೋದರು. ನನ್ನ ಅಜ್ಜಿಗೂ ಹೀಗೇ ಇತ್ತು."

ಗೂಡಿನೊಳಗೆ ಮರಿಗಳು ಕೀಚುಗುಟ್ಟಿದವು. ವಾರಿಜಾಕ್ಷಿಗೆ ಆ ಕಡೆ ತಿರುಗಲು ಮನಸ್ಸಾಗಲಿಲ್ಲ. ಮನೆಯೊಳಗೆ ಹೋದಳು. ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ಅವರ ಮುಂದೆ ಮಂಡಿಯೂರಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಲಗಣ್ಣಿನ ಕಪ್ಪಿನ ನಡುವೆ ಮಂಜು ಕವಿದ ಹಾಗೆ ಬಿಳುಪು ಸ್ಪಷ್ಟವಾಗಿ ಕಾಣುತ್ತಿತ್ತು. "ಎಂತ ಮಗಾ?" ಎಂದು ಅಪ್ಪ ಕೇಳಿದರು. ಇಷ್ಟು ಹತ್ತಿರವಿದ್ದರೂ ಅವರ ನೋಟ ಅವಳ ಕಿವಿಯ ಪಕ್ಕಕ್ಕೆಲ್ಲೋ ಹೋಗಿತ್ತು.

ಆ ವಾರವೇ ಅತ್ತಿಗೆಯೂ ನಾದಿನಿಯೂ ಸೇರಿ ಮಾಯಿಲಪ್ಪನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗ್ಲ್ಯಾಡಿಸಳ ತಾಯಿ ಮೊದಲೇ ಹೇಳಿಟ್ಟದ್ದರಿಂದ ಕಾಯಬೇಕಾಗಲಿಲ್ಲ. ಕಣ್ಣಿನ ಡಾಕ್ಟರು ವಯಸ್ಸಾದವರು. ಟಾರ್ಚು ಬಿಟ್ಟು ನೋಡಿ, "ಪೊರೆ. ಬಲಗಣ್ಣಿನದ್ದು ಬಲಿತಿದೆ, ತೆಗೆಯಬಹುದು. ಎಡದ್ದಕ್ಕೆ ಇನ್ನೂ ಸಮಯ ಉಂಟು," ಎಂದರು.

"ತಡ ಆಯಿತಾ ಡಾಕ್ಟ್ರೇ?" ಎಂದು ವಾರಿಜಾಕ್ಷಿ ಕೇಳಿದಳು.

"ಇಲ್ಲಮ್ಮ. ಮೊದಲೇ ಬಂದಿದ್ದರೂ ಬಲಿಯುವವರೆಗೆ ಕಾಯಿರಿ ಅಂತಲೇ ಹೇಳ್ತಿದ್ದೆ."

ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ ಅವಳಿಗೆ ಆಗ ಉಸಿರು ಬಂತು. ಉಸಿರು ಬಂದ ಕೂಡಲೇ ಹಳೆಯ ಪ್ರಶ್ನೆಯೂ ಬಂತು. "ವನಸ್ಪತಿ ತಿಂದರೆ ಹೀಗೆ ಆಗ್ತದಾ?"

ಅಮ್ಮಣಿ ಮೊಣಕೈಯಿಂದ ತಿವಿದಳು. ಡಾಕ್ಟರು ಕನ್ನಡಕ ತೆಗೆದು ಹುಡುಗಿಯನ್ನು ನೋಡಿದರು. "ವನಸ್ಪತಿಯ ಹೆಸರೇ ಇಲ್ಲದ ಕಾಲದಲ್ಲಿಯೂ ಜನರಿಗೆ ಪೊರೆ ಬರ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪೇಪರಿನವರು ಬರೆದದ್ದೆಲ್ಲ ನಂಬಬಾರದು."

"ನಿಮ್ಮ ಮನೆಯಲ್ಲಿ ಅದನ್ನೇ ಹಾಕ್ತೀರಾ?"

ಡಾಕ್ಟರು ಚೀಟಿ ಬರೆಯತೊಡಗಿದ್ದರು. ಲೇಖನಿ ಒಂದು ಕ್ಷಣ ನಿಂತಿತು. "ನಮ್ಮಲ್ಲಿ ಮೊದಲಿನಿಂದಲೂ ತೆಂಗಿನೆಣ್ಣೆ," ಎಂದರು.

ಹೊರಗೆ ಬಂದ ಮೇಲೆ ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಮಳೆ ಹಿಡಿಯುವ ಮೊದಲೇ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ಅಲುಗಿಸದೆ ಮಲಗಿದ್ದ ಮಾಯಿಲಪ್ಪನವರಿಗೆ ಗಂಜಿ ಕುಡಿಸಲು ಇಬ್ಬರೂ ಸರದಿಯ ಮೇಲೆ ಹೋದರು. ಆಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಅವರು ಮನೆಯ ಗೋಡೆ, ಹಂಚು, ತೆಂಗಿನ ಮರ ಎಲ್ಲವನ್ನೂ ನೋಡಿ, ಕಡೆಗೆ ಮಗಳನ್ನು ನೋಡಿ, "ನೀನು ಇಷ್ಟು ದೊಡ್ಡವಳಾದದ್ದು ಯಾವಾಗ?" ಎಂದರು.

ಆ ಮೂರನೆಯ ತಲೆಮಾರು ಕಣ್ಣು ಬಿಟ್ಟಿತ್ತು. ಕರಿಯ ಬಟ್ಟೆ ಆಡಿಸಿದರೆ ಎಲ್ಲ ಮರಿಗಳ ಮೂತಿಯೂ ಒಟ್ಟಿಗೆ ತಿರುಗುತ್ತಿತ್ತು. ಒಸ್ವಾಲ್ಡ್ ಇದನ್ನು ಹೆಮ್ಮೆಯಿಂದ ತನ್ನ ಮೇಷ್ಟ್ರಿಗೆ ಹೇಳಿದಾಗ ಅವರು, "ವನಸ್ಪತಿ ಕೊಡದೆ ಸಾಕಿದ ಇಲಿಗಳು ಎಲ್ಲಿ? ಯಾವುದಕ್ಕೆ ಹೋಲಿಸಿ ನೋಡಿದಿ?" ಎಂದು ಕೇಳಿದರಂತೆ. ಅವನು ಬಂದು ಗೂಡು ಸಮೇತ ಇಲಿಗಳನ್ನು ಒಯ್ದ.

"ಹಾಗಾದರೆ ಎಂತ ಅಂತ ಗೊತ್ತಾಯಿತು?" ಎಂದು ಜೂಲಿ ಕೇಳಿದಳು.

"ಎಂತದೂ ಗೊತ್ತಾಗಲಿಲ್ಲ," ಎಂದಳು ವಾರಿಜಾಕ್ಷಿ. ಅದು ನಿಜವಾಗಿತ್ತು. ವನಸ್ಪತಿ ಒಳ್ಳೆಯದೆಂದು ಯಾರೂ ಅವಳಿಗೆ ತೋರಿಸಿಕೊಡಲಿಲ್ಲ, ಕೆಟ್ಟದ್ದೆಂದೂ ತೋರಿಸಿಕೊಡಲಿಲ್ಲ. ಅವಳು ಅದನ್ನು ತಿನ್ನದೆಯೇ ಉಳಿದಳು. ಮನೆಯಲ್ಲಿ ಈಗ ತಿನ್ನದವರು ಇಬ್ಬರಾದ್ದರಿಂದ, ಇಬ್ಬರೂ ಒಟ್ಟಿಗೆ ಗಂಜಿಗೆ ಕೂರುತ್ತಿದ್ದರು.

ಮೀನಿನ ಸಾರು ಕಲಿಸುವುದೆಂದು ನಿಶ್ಚಯವಾದಾಗ ಮೆಣಸಿನಪುಡಿ ತರಲು ಇಬ್ಬರೂ ಬಂದರಿನ ಕಡೆ ಹೊರಟರು. ಮನೆಯಲ್ಲಿ ಒಣಮೆಣಸು ಮುಗಿದಿತ್ತು. ಅಂಗಡಿಯ ಹಾಶಿಂ ಗೋಣಿಯಿಂದ ಒಂದು ಹಿಡಿ ಪುಡಿ ತೆಗೆದು ಕಾಗದದ ಮೇಲೆ ಹಾಕಿದ. ಚೆನ್ನಾದ ಕೆಂಪು. ಬಹಳ ಚೆನ್ನಾದ ಕೆಂಪು.

ಅಮ್ಮಣಿ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿದಳು. ವಾರಿಜಾಕ್ಷಿ ಆ ಬೆರಳುಗಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಣ್ಣ ಹಾಕಿದ್ದಾ ಇದಕ್ಕೆ?" ಎಂದು ಕೇಳಿದಳು.

"ಇಟ್ಟಿಗೆ ಪುಡಿಯೂ ಇರಬಹುದು," ಎಂದಳು ಅಮ್ಮಣಿ. "ಬೊಂಬಾಯಿಯಲ್ಲಿ ಹಾಕ್ತಾರೆ."

ಹಾಶಿಂ ಒಳಗಿನಿಂದ ಒಂದು ಗಾಜಿನ ಲೋಟ ನೀರು ತಂದಿಟ್ಟು, ಪುಡಿಯನ್ನು ಅದರೊಳಗೆ ಹಾಕಿದ. ಮೂವರೂ ಬಗ್ಗಿ ನೋಡಿದರು. ಪುಡಿ ಮೇಲೆ ತೇಲಿತು, ತಳದಲ್ಲಿ ಏನೂ ನಿಲ್ಲಲಿಲ್ಲ. ನೀರು ಸ್ವಲ್ಪ ಕೆಂಪಾಯಿತು.

"ಆಯಿತಾ?" ಎಂದ ಹಾಶಿಂ. "ನಿಮ್ಮ ಮನೆಯ ಗಂಡಸರು ಹೇಗೆ ಊಟ ಮಾಡ್ತಾರೆ ಮಾರಾಯ್ತಿ, ದಿನಾ ಇಷ್ಟು ಪರೀಕ್ಷೆ ಆದರೆ?"

ಅತ್ತಿಗೆ ನಾದಿನಿಯ ಮುಖ ನೋಡಿದಳು. ನಾದಿನಿ ಲೋಟದ ಕಡೆ ಇನ್ನೊಮ್ಮೆ ನೋಡಿದಳು.

"ಪುಡಿ ಬೇಡ. ಇಡಿಯ ಮೆಣಸೇ ಕೊಡಿ," ಎಂದಳು ವಾರಿಜಾಕ್ಷಿ. "ನಾವೇ ಅರೆದುಕೊಳ್ತೇವೆ."

"ಆ ಗೋಣಿಯದ್ದು ಬೇಡ," ಎಂದಳು ಅಮ್ಮಣಿ. "ಅದರ ಹಿಂದಿನದ್ದು."